ಗಡಿಯಾರ ಸಿಕ್ಕಿತು, ಹೇಳಲಿಲ್ಲ

2014ರ ಕಾನ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಅಧ್ಯಕ್ಷೆಯಾಗಿದ್ದವರು ನ್ಯೂಜಿಲೆಂಡಿನ ನಿರ್ದೇಶಕಿ ಜೇನ್ ಕ್ಯಾಂಪಿಯನ್. ಸ್ಪರ್ಧೆಗೆ ಬಂದಿದ್ದ ಒಂದು ಟರ್ಕಿ ಸಿನಿಮಾ ಮೂರೂಕಾಲು ಗಂಟೆಯದೆಂದು ಕೇಳಿ ಆಕೆಗೆ ದಿಗಿಲಾಯಿತಂತೆ. ನಡುವೆ ಜಲಬಾಧೆಗೆ ಎದ್ದು ಹೋಗಬೇಕಾಗಿ ಬಂದರೆ ಏನು ಗತಿ? ಒಳಗೆ ಹೋಗಿ ಕೂತ ಮೇಲೆ ಮಾತ್ರ ಇನ್ನೂ ಒಂದೆರಡು ಗಂಟೆ ಕೂರಬಹುದಿತ್ತು ಅನ್ನಿಸಿತಂತೆ. ಪಾಮ್ ದೋರ್ ಪ್ರಶಸ್ತಿ ಆ ಚಿತ್ರಕ್ಕೇ ಹೋಯಿತು. ಇದನ್ನೆಲ್ಲ ಆಕೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದನ್ನು ಓದಿದ ದಿನದಿಂದ ನನಗೆ ಆ ಪ್ರಶಸ್ತಿಯ ಮೇಲಿನ ಗೌರವ ಹೆಚ್ಚಾಗಿದೆ. ತೀರ್ಪುಗಾರರೂ ನಮ್ಮ ನಿಮ್ಮ ಹಾಗೆಯೇ ಎಂದು ಗೊತ್ತಾದರೆ ತೀರ್ಪಿನ ಮೇಲೆ ನಂಬಿಕೆ ಬರುತ್ತದೆ.

ಉದ್ದದ ಸಿನಿಮಾಕ್ಕೆ ಹೆದರುವ ಜನ ನಾವಲ್ಲ, ನಿಜ. ಮೂರು ಗಂಟೆಯ ಪೌರಾಣಿಕ ಚಿತ್ರಗಳನ್ನು ಮಕ್ಕಳುಮರಿ ಕಟ್ಟಿಕೊಂಡು ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು ನೋಡಿದವರ ವಂಶ ನಮ್ಮದು. ಆದರೆ ಅಲ್ಲಿ ಹಾಡುಗಳಿದ್ದವು. ಹಾಡಿರುವುದು ರಸೋತ್ಕರ್ಷಕ್ಕೆ ಎಂದು ವಿಮರ್ಶಕರು ಬರೆದುಕೊಳ್ಳಲಿ, ಗಂಡಸರಲ್ಲಿ ಅರ್ಧಪಾಲು ಜನ ಅದನ್ನು ಬೀಡಿಗೂ ಬಯಲಿಗೂ ಬಳಸಿಕೊಳ್ಳುತ್ತಿದ್ದರು. ಆ ಟರ್ಕಿ ಚಿತ್ರದ ನಿರ್ದೇಶಕ ನೂರಿ ಬಿಲ್ಗೆ ಜೆಯ್ಲಾನ್‌ನ ಸಿನಿಮಾದಲ್ಲಿ ಆ ಸೌಕರ್ಯವಿಲ್ಲ. ಮೇಲೆ ಹೇಳಿದ ‘ವಿಂಟರ್ ಸ್ಲೀಪ್’ 196 ನಿಮಿಷ. 2018ರ ‘ದ ವೈಲ್ಡ್ ಪೇರ್ ಟ್ರೀ’ 188. 2023ರ ‘ಅಬೌಟ್ ಡ್ರೈ ಗ್ರಾಸಸ್’ 197. ಇಷ್ಟು ಹೊತ್ತು ಏನು ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಒಂದೇ: ಯಾರೋ ಒಬ್ಬ ಏನನ್ನೋ ಹೇಳಬೇಕಾಗಿರುತ್ತದೆ, ಹೇಳುವುದಿಲ್ಲ. ಹೇಳಿಬಿಡುವುದಕ್ಕೆ ಅರೆ ನಿಮಿಷ ಸಾಕು. ಹೇಳದೆ ಉಳಿಯುವುದಕ್ಕೆ ಮೂರು ಗಂಟೆ ಬೇಕು.

ಜೀವನಚರಿತ್ರೆ ಬರೆಯುವವರಿಗೆ ಈ ಮನುಷ್ಯನಿಂದ ಹೆಚ್ಚು ಲಾಭವಿಲ್ಲ. ಆತನಿಗಿಂತ ಮುಂಚೆ ಪಾಮ್ ದೋರ್ ಪಡೆದ ಟರ್ಕಿ ಚಿತ್ರವೆಂದರೆ 1982ರ ‘ಯೋಲ್’. ಅದರ ಕಥೆಯೇ ಇನ್ನೊಂದು ಸಿನಿಮಾ ಆಗುವಂಥದ್ದು. ಯಿಲ್ಮಾಝ್ ಗುನೆ ಜೈಲಿನಲ್ಲಿ ಕೂತು ಚಿತ್ರಕಥೆ ಬರೆದ. ಆತನ ಸೂಚನೆಯಂತೆ ಶೆರೀಫ್ ಗೋರೆನ್ ಹೊರಗೆ ಚಿತ್ರೀಕರಿಸಿದ. ಗುನೆ 1981ರಲ್ಲಿ ಜೈಲಿನಿಂದ ಪರಾರಿಯಾಗಿ ಯೂರೋಪು ಸೇರಿ ಸಂಕಲನ ಮುಗಿಸಿದ. 1984ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡ. ಜೆಯ್ಲಾನ್ ಜೈಲಿಗೆ ಹೋಗಲಿಲ್ಲ, ಎಲ್ಲಿಂದಲೂ ಓಡಿಹೋಗಲಿಲ್ಲ. ಜೀವನದಲ್ಲಿ ಏನು ಮಾಡುವುದೆಂದು ಬಹಳ ಕಾಲ ಗೊತ್ತಾಗದೆ ಓಡಾಡಿಕೊಂಡಿದ್ದ, ಅಷ್ಟೆ. ನಮ್ಮ ಮನೆಗಳಲ್ಲಿ ಇಂಥವರನ್ನು ಕುರಿತು ‘ಇನ್ನೂ ಒಂದು ದಾರಿಗೆ ಬಂದಿಲ್ಲ’ ಎನ್ನುತ್ತಾರೆ.

ಹುಟ್ಟಿದ್ದು 1959ರಲ್ಲಿ, ಇಸ್ತಾಂಬುಲ್‌ನಲ್ಲಿ. ತಂದೆ ಕೃಷಿ ಇಂಜಿನಿಯರು. ಅವರ ಸ್ವಂತ ಸೀಮೆ ಚನಕ್ಕಲೆ ಪ್ರಾಂತ್ಯದ ಯೆನಿಜೆ ಎಂಬ ಸಣ್ಣ ಊರು; ಹುಡುಗನ ಬಾಲ್ಯ ಕಳೆದದ್ದು ಅಲ್ಲಿ. 1976ರಲ್ಲಿ ಇಸ್ತಾಂಬುಲ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಸೇರಿದ. ಎಡಬಲದವರು ಬೀದಿಯಲ್ಲಿ ಬಡಿದಾಡಿಕೊಳ್ಳುತ್ತಿದ್ದ ವರ್ಷಗಳು ಅವು. ಪಾಠಗಳು ಸರಿಯಾಗಿ ನಡೆಯುತ್ತಿರಲಿಲ್ಲ. 1978ರಲ್ಲಿ ಬೋಸ್ಫೊರಸ್ ದಂಡೆಯ ಬೋಆಝಿಚಿ ವಿಶ್ವವಿದ್ಯಾಲಯಕ್ಕೆ ಬದಲಾಯಿಸಿ ಎಲೆಕ್ಟ್ರಿಕಲ್ ಹಿಡಿದ. 1985ರಲ್ಲಿ ಡಿಗ್ರಿ ಕೈಗೆ ಬಂತು. ಅಷ್ಟರಲ್ಲಿ ಫೋಟೋಗ್ರಫಿ, ಬೆಟ್ಟ ಹತ್ತುವುದು, ಚದುರಂಗ, ಫಿಲ್ಮ್ ಕ್ಲಬ್ಬು ಎಲ್ಲವೂ ಆಗಿತ್ತು. ಕರೆಂಟಿನ ಕೆಲಸದ ಆಸೆಯೊಂದು ಹುಟ್ಟಿರಲಿಲ್ಲ. ಇಂಜಿನಿಯರಿಂಗ್ ಮುಗಿಸಿ ಕ್ಯಾಮೆರಾ ಹಿಡಿದು ಊರೂರು ಅಲೆಯುವ ಹುಡುಗರು ಇವತ್ತು ಬೆಂಗಳೂರಿನ ಬೀದಿಗೊಬ್ಬರು ಸಿಗುತ್ತಾರೆ. ಅವರ ತಂದೆತಾಯಂದಿರಿಗೆ ಜೆಯ್ಲಾನ್‌ನ ಹೆಸರನ್ನು ಸಮಾಧಾನವಾಗಿ ಹೇಳಬಹುದೋ ಎಚ್ಚರಿಕೆಯಾಗಿ ಹೇಳಬೇಕೋ ನನಗೆ ತಿಳಿಯದು.

ಡಿಗ್ರಿಯ ನಂತರ ಲಂಡನ್ನಿಗೆ ಹೋದ. ಅಲ್ಲಿ ದಾರಿ ಕಾಣಲಿಲ್ಲ. ಕಠ್ಮಂಡುವಿಗೆ ಬಂದ. ಪಶ್ಚಿಮದವರು ಹಿಮಾಲಯಕ್ಕೆ ಬಂದರೆ ಮಂತ್ರವನ್ನೋ ಗುರುವನ್ನೋ ಗಂಟುಕಟ್ಟಿಕೊಂಡು ಹೋಗುವುದು ವಾಡಿಕೆ. ಈತ ತಿರುಗಿ ಹೋಗಿ ಕಡ್ಡಾಯ ಸೈನ್ಯಸೇವೆಗೆ ಸೇರಿಕೊಂಡ. ಅಂಕಾರಾದಲ್ಲಿ ಹದಿನೆಂಟು ತಿಂಗಳು. ಬ್ಯಾರಕ್ಕಿನಲ್ಲಿ ರೋಮನ್ ಪೊಲಾನ್ಸ್ಕಿಯ ಆತ್ಮಕಥೆ ಓದಿದಾಗ ಸಿನಿಮಾ ಮಾಡಬೇಕೆಂಬ ಯೋಚನೆ ಗಟ್ಟಿಯಾಯಿತು. ಸೈನ್ಯದಿಂದ ಬಿಡುಗಡೆಯಾದ ಮೇಲೆ ಮಿಮಾರ್ ಸಿನಾನ್ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದಲು ಸೇರಿದ. ತರಗತಿಗೆಲ್ಲ ಈತನೇ ಹಿರಿಯ. ನಾಲ್ಕು ವರ್ಷದ ಕೋರ್ಸನ್ನು ಎರಡೇ ವರ್ಷಕ್ಕೆ ಬಿಟ್ಟ. ಗೆಳೆಯನೊಬ್ಬನ ಕಿರುಚಿತ್ರದಲ್ಲಿ ನಟಿಸಿದ್ದ. ಅದನ್ನು ಚಿತ್ರೀಕರಿಸಿದ ಆರಿಫ್ಲೆಕ್ಸ್ ಕ್ಯಾಮೆರಾವನ್ನೇ ಕೊಂಡುಕೊಂಡ. ‘ಕೊಝಾ’ ಎಂಬ ಮೊದಲ ಕಿರುಚಿತ್ರ ಕಾನ್ ತಲುಪಿದ್ದು 1995ರಲ್ಲಿ. ಆಗ ವಯಸ್ಸು ಮೂವತ್ತಾರು.

ನಟರಿಗೆ ಕೊಡಲು ದುಡ್ಡಿರಲಿಲ್ಲ. ಮನೆಯಲ್ಲಿ ತಂದೆತಾಯಿ ಇದ್ದರು. ಮುಂದಿನ ಹಲವು ವರ್ಷಗಳ ಟರ್ಕಿ ಸಿನಿಮಾದ ಇತಿಹಾಸ ಈ ಎರಡು ವಾಕ್ಯಗಳಲ್ಲಿದೆ. ‘ಕೊಝಾ’ದ ಮುದುಕ ಮುದುಕಿಯಾಗಿ ನಿಂತವರು ತಂದೆ ಎಮಿನ್ ಮತ್ತು ತಾಯಿ ಫಾತ್ಮಾ. 1997ರ ಮೊದಲ ಪೂರ್ಣಪ್ರಮಾಣದ ಚಿತ್ರ ‘ಕಸಬಾ’ದಲ್ಲೂ ಅವರೇ. ಕಥೆ ಅಕ್ಕ ಎಮಿನೆಯದು. ಸೋದರಸಂಬಂಧಿ ಮೆಹ್ಮೆತ್ ಎಮಿನ್ ತೋಪ್ರಾಕ್‌ನನ್ನೂ ಹಿಡಿದು ತಂದು ನಿಲ್ಲಿಸಿದ್ದಾಯಿತು. ತಂತ್ರಜ್ಞರ ತಂಡದಲ್ಲಿ ನಿರ್ದೇಶಕನನ್ನೂ ಸೇರಿಸಿ ಇಬ್ಬರು. ನಮ್ಮಲ್ಲಿ ಮದುವೆಯ ವಿಡಿಯೋ ತೆಗೆಯುವುದಕ್ಕೂ ಇದಕ್ಕಿಂತ ಹೆಚ್ಚು ಜನ ಬರುತ್ತಾರೆ, ಊಟಕ್ಕೂ ಕೂರುತ್ತಾರೆ.

‘ಕಸಬಾ’ ಕಪ್ಪುಬಿಳುಪಿನ ಚಿತ್ರ. ಹೊರಗೆ ಹಿಮ, ಒಳಗೆ ಶಾಲೆಯ ಕೋಣೆ. ಒದ್ದೆಯಾಗಿ ಬಂದ ಹುಡುಗನೊಬ್ಬ ಕಾಲುಚೀಲವನ್ನು ಒಲೆಯ ಮೇಲೆ ನೇತುಹಾಕುತ್ತಾನೆ. ತೊಟ್ಟಿಕ್ಕಿದ ಹನಿ ಕಾದ ತಗಡಿನ ಮೇಲೆ ಚುಂಯ್ ಎನ್ನುತ್ತದೆ. ಗಾಳಿಯಲ್ಲಿ ತೇಲುವ ಒಂದು ಪುಕ್ಕವನ್ನು ಮಕ್ಕಳು ಬೀಳಗೊಡದೆ ಊದುತ್ತಿರುತ್ತಾರೆ. ತರಗತಿಯಲ್ಲಿ ಏನೋ ನಾತ ಬರುತ್ತಿದೆ ಎಂದು ಮೇಷ್ಟ್ರು ಹುಡುಕುತ್ತ ಬಂದರೆ, ಒಬ್ಬ ಹುಡುಗಿಯ ಬುತ್ತಿಯ ಊಟ ಹಳಸಿರುತ್ತದೆ. ಆ ಹುಡುಗಿಯ ಮುಖ ನೋಡಿದ ಮೇಲೆ ಈ ನಿರ್ದೇಶಕ ಕಥೆ ಹೇಳದಿದ್ದರೂ ಪರವಾಗಿಲ್ಲ ಅನ್ನಿಸುತ್ತದೆ.

ಎರಡು ವರ್ಷ ಬಿಟ್ಟು ಆತ ಮಾಡಿದ ಚೇಷ್ಟೆಯ ಹೆಸರು ‘ಕ್ಲೌಡ್ಸ್ ಆಫ್ ಮೇ’. ಮುಝಫ್ಫರ್ ಎಂಬ ನಿರ್ದೇಶಕ ಇಸ್ತಾಂಬುಲ್‌ನಿಂದ ಊರಿಗೆ ಬಂದು ತಂದೆತಾಯಿಯನ್ನೇ ಹಾಕಿಕೊಂಡು ಸಿನಿಮಾ ತೆಗೆಯುವ ಕಥೆ. ಅಂದರೆ ‘ಕಸಬಾ’ ತೆಗೆದ ಕಥೆ. ತಂದೆತಾಯಿಯ ಪಾತ್ರಕ್ಕೆ ಮತ್ತೆ ಸ್ವಂತ ತಂದೆತಾಯಿ. ಅಪ್ಪನ ತಲೆಯಲ್ಲಿರುವುದು ಒಂದೇ ಚಿಂತೆ: ತಾನು ಎಷ್ಟೋ ವರ್ಷದಿಂದ ಕಾಪಾಡಿಕೊಂಡು ಬಂದ ಮರಗಳ ತೋಪನ್ನು ಸರ್ಕಾರ ತನ್ನದೆಂದು ಗುರುತು ಹಾಕಿಕೊಂಡು ಹೋಗಲಿದೆ. ಮಗನ ತಲೆಯಲ್ಲಿರುವುದು ಬೇರೆ: ಅಪ್ಪ ಸಂಭಾಷಣೆ ಸರಿಯಾಗಿ ಒಪ್ಪಿಸುತ್ತಿಲ್ಲ. ಸರ್ವೆಯವರು, ಪಹಣಿ, ‘ನಾಳೆ ಬನ್ನಿ’ ಇವೆಲ್ಲ ಗೊತ್ತಿರುವ ನಮಗೆ ಅಪ್ಪನ ಕಡೆಯೇ ನಿಲ್ಲಬೇಕು ಅನ್ನಿಸುತ್ತದೆ. ಪಕ್ಕದಲ್ಲಿ ಒಬ್ಬ ಚಿಕ್ಕ ಹುಡುಗ. ನಲವತ್ತು ದಿನ ಜೇಬಿನಲ್ಲಿ ಒಂದು ಮೊಟ್ಟೆಯನ್ನು ಒಡೆಯದೆ ಇಟ್ಟುಕೊಂಡರೆ ಅವನಿಗೆ ಸಂಗೀತ ನುಡಿಯುವ ಗಡಿಯಾರ ಸಿಗಬಹುದು. ಮೊಟ್ಟೆ ಒಡೆಯುತ್ತದೆ. ಹುಡುಗ ಗುಟ್ಟಾಗಿ ಬೇರೊಂದು ಮೊಟ್ಟೆ ಇಟ್ಟುಕೊಂಡು ನಡೆಯುತ್ತಾನೆ. ನಾನು ಮೊದಲು ಹೇಳಿದ ‘ಹೇಳದ ಮಾತು’ ಜೆಯ್ಲಾನ್‌ನಲ್ಲಿ ಶುರುವಾಗುವುದು ಈ ಮೊಟ್ಟೆಯಿಂದ ಎಂದು ನನ್ನ ಲೆಕ್ಕ.

ಅದೇ ಚಿತ್ರದಲ್ಲಿ ತೋಪ್ರಾಕ್ ಕಾರ್ಖಾನೆಯ ಕೆಲಸ ಬೇಸರವಾದ ಊರ ಹುಡುಗ. ಸಿನಿಮಾದವರ ಮಾತು ನಂಬಿ ಕೆಲಸ ಬಿಡುತ್ತಾನೆ. ಪಟ್ಟಣದ ನೆಂಟ ಆಮೇಲೆ ಜಾರಿಕೊಳ್ಳುತ್ತಾನೆ. 2002ರ ‘ಉಝಾಕ್’ನಲ್ಲಿ ಅದೇ ಸಾಲ ವಸೂಲಿಗೆ ಬಂದಂತೆ ಕಾಣುತ್ತದೆ. ಊರಿನ ಕಾರ್ಖಾನೆ ಮುಚ್ಚಿ, ಯೂಸುಫ್ ಎಂಬ ಹುಡುಗ ಹಡಗಿನ ಕೆಲಸ ಹುಡುಕಿಕೊಂಡು ಇಸ್ತಾಂಬುಲ್‌ಗೆ ಬಂದು, ಫೋಟೋಗ್ರಾಫರ್ ಮಹ್ಮೂತ್‌ನ ಮನೆಯಲ್ಲಿ ತಂಗುತ್ತಾನೆ. ಯೂಸುಫ್ ಆಗಿ ನಟಿಸಿದವನು ತೋಪ್ರಾಕ್, ಮಹ್ಮೂತ್ ಆಗಿ ಮುಝಫ್ಫರ್ ಓಝ್ದೆಮಿರ್, ಮನೆ ಸಾಕ್ಷಾತ್ ಜೆಯ್ಲಾನ್‌ನದು.

ಉದ್ಯೋಗ ಹುಡುಕಿ ಬಂದ ಊರ ಹುಡುಗನನ್ನು ಮನೆಯಲ್ಲಿಟ್ಟುಕೊಂಡ ಯಾರಿಗಾದರೂ ಈ ಚಿತ್ರ ತುಸು ಚುಚ್ಚೀತು. ಮೊದಲ ದಿನ ಸಂಭ್ರಮ, ನಾಲ್ಕನೆಯ ದಿನ ಬಚ್ಚಲಿನ ದೀಪ ಆರಿಸಿಲ್ಲ ಎಂಬ ದೂರು. ಮಹ್ಮೂತ್‌ಗೆ ಯೂಸುಫ್‌ನ ಬೂಟು ನಾರುತ್ತದೆ. ಅದನ್ನು ಒಳಗಿಟ್ಟು ಸ್ಪ್ರೇ ಹೊಡೆಯುತ್ತಾನೆ. ಸಿಗರೇಟಿಗೆ ಜಾಗ ಗೊತ್ತುಮಾಡುತ್ತಾನೆ. ಒಂದು ರಾತ್ರಿ ಇಬ್ಬರೂ ಟಿವಿಯ ಮುಂದೆ ಕೂತಿದ್ದಾರೆ. ಮಹ್ಮೂತ್ ಹಾಕಿರುವುದು ತಾರ್ಕೋವ್‌ಸ್ಕಿಯ ‘ಸ್ಟಾಕರ್’. ಮೂವರು ರೈಲುಹಳಿಯ ಮೇಲೆ ಟ್ರಾಲಿಯಲ್ಲಿ ಹೋಗುತ್ತಲೇ ಇರುತ್ತಾರೆ. ತಾಳಲಾರದೆ ಯೂಸುಫ್ ಎದ್ದು ಮಲಗಲು ಹೋಗುತ್ತಾನೆ. ಅವನು ಹೋದದ್ದೇ ತಡ, ಮಹ್ಮೂತ್ ಆ ಕ್ಯಾಸೆಟ್ ತೆಗೆದು ನೀಲಿಚಿತ್ರ ಹಾಕುತ್ತಾನೆ. ಶ್ರೇಷ್ಠ ಕಲೆಗೆ ಇಂಥದೊಂದು ಗೃಹೋಪಯೋಗವಿದೆಯೆಂದು ತೋರಿಸಿದ ಧೈರ್ಯವಂತ ಬೇರೆ ಯಾರಿದ್ದಾರೆ? ಅದೂ ತಾರ್ಕೋವ್‌ಸ್ಕಿಯನ್ನು ಗುರುಸಮಾನನೆಂದು ಭಾವಿಸುವ ನಿರ್ದೇಶಕ, ತನ್ನ ಚಿತ್ರಕ್ಕೂ ಇದೇ ಗತಿ ಬಂದೀತು ಎಂದು ತಿಳಿದೂ ತಿಳಿದೂ.

ನಗು ಅಲ್ಲಿಗೆ ಮುಗಿಯುವುದಿಲ್ಲ, ಆದರೆ ಬಣ್ಣ ಬದಲಾಯಿಸುತ್ತದೆ. ಫೋಟೋಕ್ಕೆಂದು ಇಟ್ಟಿದ್ದ ಹಳೆಯ ಬೆಳ್ಳಿ ಗಡಿಯಾರ ಕಾಣೆಯಾಗುತ್ತದೆ. ಮಹ್ಮೂತ್ ಕೇಳುವ ಧಾಟಿಯಲ್ಲೇ ಯೂಸುಫ್‌ನ ಮೇಲೆ ಸಂಶಯವೆಂದು ಗೊತ್ತಾಗುತ್ತದೆ. ಯೂಸುಫ್ ತಾನು ತೆಗೆದಿಲ್ಲವೆಂದು ಹೇಳಿ ಹೇಳಿ ಸೋಲುತ್ತಾನೆ. ಅಷ್ಟರಲ್ಲಿ ಮಹ್ಮೂತ್‌ಗೆ ಗಡಿಯಾರ ಸಿಗುತ್ತದೆ, ಅವನೇ ಇಟ್ಟ ಜಾಗದಲ್ಲಿ. ಅವನು ಹೇಳುವುದಿಲ್ಲ. ಹೋಗಲಿ ಬಿಡು ಎಂದು ದೊಡ್ಡತನ ತೋರಿಸುತ್ತಾನೆ. ಗುಂಡು ಹಾರುವುದಿಲ್ಲ, ಪೊಲೀಸರು ಬರುವುದಿಲ್ಲ. ಒಬ್ಬ ಓದಿದ, ಅಭಿರುಚಿಯುಳ್ಳ ಮನುಷ್ಯ ಒಂದು ಸಣ್ಣ ವಾಕ್ಯವನ್ನು ನುಂಗುತ್ತಾನೆ.

‘ಉಝಾಕ್’ಗೆ 2003ರಲ್ಲಿ ಕಾನ್‌ನ ಗ್ರಾಂಡ್ ಪ್ರಿ ಬಂತು. ಶ್ರೇಷ್ಠ ನಟ ಪ್ರಶಸ್ತಿ ಇಬ್ಬರಿಗೂ ಸೇರಿ. ಅದನ್ನು ತೆಗೆದುಕೊಳ್ಳಲು ತೋಪ್ರಾಕ್ ಇರಲಿಲ್ಲ. ಹಿಂದಿನ ಡಿಸೆಂಬರಿನಲ್ಲಿ, ಇನ್ನೂ ಇಪ್ಪತ್ತೆಂಟರ ವಯಸ್ಸಿನಲ್ಲಿ, ಕಾರು ಅಪಘಾತದಲ್ಲಿ ತೀರಿಹೋಗಿದ್ದ. ಮೂರೂ ಚಿತ್ರಗಳಲ್ಲಿ ಊರು ಬಿಟ್ಟು ಹೋಗಬೇಕೆಂದು ಹಂಬಲಿಸುವ ಹುಡುಗ ಅವನೇ ಆಗಿದ್ದ ಎಂಬುದನ್ನು ನೆನೆದರೆ ಈ ಪ್ರಬಂಧದ ಲಘುವಾದ ಧಾಟಿ ಒಂದು ಕ್ಷಣ ತಡವರಿಸುತ್ತದೆ.

ನಂತರದ ‘ಕ್ಲೈಮೇಟ್ಸ್’ನಲ್ಲಿ ಜೆಯ್ಲಾನ್ ಒಂದು ಹೆಜ್ಜೆ ಮುಂದೆ ಹೋದ. ಬಿರುಕು ಬಿಟ್ಟ ಜೋಡಿಯ ಕಥೆ; ಗಂಡಸು ಸ್ವಾರ್ಥಿ, ಸುಳ್ಳ, ವರ್ಷಗಟ್ಟಲೆಯಿಂದ ಪಿಎಚ್‌ಡಿ ಪ್ರಬಂಧ ಮುಗಿಸದ ಮೇಷ್ಟ್ರು. ಆ ಪಾತ್ರವನ್ನು ತಾನೇ ಮಾಡಿದ, ಹೆಂಗಸಿನ ಪಾತ್ರ ಹೆಂಡತಿ ಎಬ್ರುಗೆ ಕೊಟ್ಟ. ಸಾಲದೆಂದು ತಂದೆತಾಯಿಯನ್ನೂ ಕರೆಸಿದ. ಚಿತ್ರೀಕರಣ ಮುಗಿದ ಮೇಲೂ ಸಂಸಾರ ನಿಂತಿತಷ್ಟೇ ಅಲ್ಲ, ಎಬ್ರು ಮುಂದಿನ ಚಿತ್ರಗಳ ಕಥೆಗಾರ್ತಿಯೂ ಆದಳು. ಗಂಡಹೆಂಡಿರು ಕೂತು ಬರೆಯುವುದೆಂದರೆ ಜಗಳದ ಸಂಭಾಷಣೆಗೆ ಹೊರಗಿನಿಂದ ಸಾಮಗ್ರಿ ತರಬೇಕಾಗಿಲ್ಲ. ಅನುಮಾನವಿದ್ದವರು ‘ವಿಂಟರ್ ಸ್ಲೀಪ್’ನ ಮಾತುಕತೆಗಳನ್ನು ಕೇಳಲಿ.

2008ರ ‘ತ್ರೀ ಮಂಕೀಸ್’ ನಿರ್ದೇಶನದ ಪ್ರಶಸ್ತಿ ತಂದಿತು. ಅದರ ಹೆಸರೇ ಎಲ್ಲ ಹೇಳುತ್ತದೆ, ನಾನು ಮುಂದೆ ಹೋಗುತ್ತೇನೆ. ನಿಲ್ಲಬೇಕಾದ ಜಾಗ 2011ರ ‘ಒನ್ಸ್ ಅಪಾನ್ ಎ ಟೈಮ್ ಇನ್ ಅನಟೋಲಿಯಾ’. ಕೊಲೆ ಮಾಡಿದವನು ಸಿಕ್ಕಿದ್ದಾನೆ; ಹೆಣ ಎಲ್ಲಿ ಹೂತಿದ್ದೆಂದು ಅವನಿಗೆ ನೆನಪಾಗುತ್ತಿಲ್ಲ. ರಾತ್ರಿಯಿಡೀ ಪೊಲೀಸರು, ಪ್ರಾಸಿಕ್ಯೂಟರ್, ಡಾಕ್ಟರು ಮೂರು ವಾಹನಗಳಲ್ಲಿ ಬಯಲಿನಿಂದ ಬಯಲಿಗೆ ಅಲೆಯುತ್ತಾರೆ. ಕಾರಿನೊಳಗೆ ಆರೋಪಿಯನ್ನು ನಡುವೆ ಕೂರಿಸಿಕೊಂಡು ಇವರು ಚರ್ಚಿಸುವುದು ಎಮ್ಮೆಯ ಮೊಸರಿನ ವಿಷಯ. ಕೊನೆಗೆ ಹೆಣ ಸಿಕ್ಕಿದಾಗ ಅದನ್ನು ಹಾಕಿಕೊಂಡು ಹೋಗಲು ಚೀಲ ತಂದಿಲ್ಲವೆಂದು ಗೊತ್ತಾಗುತ್ತದೆ. ಡಿಕ್ಕಿಯಲ್ಲಿ ಹೇಗೋ ಮಡಿಸಿ ತುರುಕುತ್ತಾರೆ. ಪಕ್ಕದಲ್ಲಿ ಹೊಲದಿಂದ ಕಿತ್ತು ತಂದ ಕರಬೂಜದ ಹಣ್ಣುಗಳಿಗೂ ಜಾಗ ಮಾಡುತ್ತಾರೆ. ಪ್ರಾಸಿಕ್ಯೂಟರ್ ಮಹಜರು ಬರೆಸುತ್ತ ಹೆಣದ ಮುಖ ಹಾಲಿವುಡ್ಡಿನ ಕ್ಲಾರ್ಕ್ ಗೇಬಲ್‌ನ ಹಾಗಿದೆ ಎನ್ನುತ್ತಾನೆ. ಎಲ್ಲರೂ ನಗುತ್ತಾರೆ, ಯಾಕೆಂದರೆ ಹಾಗೆ ಕಾಣುವವನು ಅವನೇ. ಸರ್ಕಾರಿ ಜೀಪಿನಲ್ಲಿ ಮಹಜರಿಗೆ ಹೋದವರು ಯಾರಾದರೂ ಇದನ್ನು ನೋಡಿದರೆ ಟರ್ಕಿ ಭಾಷೆಗೆ ಅಡಿಬರಹ ಬೇಡವೆನ್ನುತ್ತಾರೆ. ಇದನ್ನು ಜೊತೆಗೂಡಿ ಬರೆದ ಎರ್ಜಾನ್ ಕೆಸಾಲ್ ವೃತ್ತಿಯಿಂದ ಡಾಕ್ಟರು, ಆ ಸೀಮೆಯಲ್ಲಿ ಕೆಲಸ ಮಾಡಿದವನು. ಚಿತ್ರದಲ್ಲಿ ಹಳ್ಳಿಯ ಮುಖ್ಯಸ್ಥನಾಗಿ, ಊರಿಗೊಂದು ಶವಾಗಾರ ಮಂಜೂರು ಮಾಡಿಸಿಕೊಡಿ ಎಂದು ಅಧಿಕಾರಿಗಳಿಗೆ ಊಟ ಬಡಿಸುತ್ತ ಅರ್ಜಿ ಹಾಕುವವನೂ ಅವನೇ. ಹೊರದೇಶಗಳಿಗೆ ಹೋದ ಮಕ್ಕಳು ಬಂದು ಮುಖ ನೋಡುವವರೆಗೆ ಹೆಣ ಕೆಡದೆ ಇರಬೇಕಲ್ಲ?

ಈ ಚಿತ್ರದಲ್ಲೂ ಗಡಿಯಾರ ಅಡಗಿದೆ, ಒಂದಲ್ಲ, ಎರಡು. ಪ್ರಾಸಿಕ್ಯೂಟರ್ ಯಾವಳೋ ಹೆಂಗಸು ತಾನು ಸಾಯುವ ದಿನವನ್ನು ಮೊದಲೇ ಹೇಳಿ ಹಾಗೆಯೇ ಸತ್ತಳೆಂದು ಡಾಕ್ಟರಿಗೆ ಕಥೆ ಹೇಳುತ್ತಾನೆ. ಅವಳು ತನ್ನ ಹೆಂಡತಿಯೆಂದು ಬಾಯಿಬಿಟ್ಟು ಹೇಳುವುದಿಲ್ಲ. ಬೆಳಗ್ಗೆ ಶವಪರೀಕ್ಷೆಯಲ್ಲಿ ಸತ್ತವನ ಶ್ವಾಸನಾಳದಲ್ಲಿ ಮಣ್ಣು ಕಾಣುತ್ತದೆ, ಎಂದರೆ ಜೀವವಿರುವಾಗಲೇ ಹೂತಿದ್ದಾರೆ. ಡಾಕ್ಟರು ಅದನ್ನು ವರದಿಯಲ್ಲಿ ಬರೆಸುವುದಿಲ್ಲ. ಕರುಣೆಯೋ ಹೇಡಿತನವೋ, ಚಿತ್ರವೂ ಹೇಳುವುದಿಲ್ಲ. ಮಹ್ಮೂತ್‌ನ ಮೌನ ಹೊಲಸು. ಡಾಕ್ಟರ ಮೌನ ಹಾಗಿಲ್ಲ. ಒಂದೇ ಸಾಮಗ್ರಿಯಿಂದ ಹತ್ತು ವರ್ಷದೊಳಗೆ ಜೆಯ್ಲಾನ್ ಎಷ್ಟು ದೂರ ಬಂದ ಎಂಬುದಕ್ಕೆ ಇದು ಸಾಕು.

‘ವಿಂಟರ್ ಸ್ಲೀಪ್’ ನೋಡುವಾಗ ನನಗಾದ ಇರಿಸುಮುರಿಸಿಗೆ ಬೇರೆ ಕಾರಣವಿತ್ತು. ಕಪಡೋಕಿಯಾದ ಬಂಡೆಗಳ ನಡುವೆ ‘ಒಥೆಲೊ’ ಹೆಸರಿನ ಹೋಟೆಲು ನಡೆಸುವ ಆಯ್ದಿನ್ ನಿವೃತ್ತ ನಟ. ಸ್ಥಳೀಯ ಪತ್ರಿಕೆಗೆ ಅಂಕಣ ಬರೆಯುತ್ತಾನೆ. ಧರ್ಮ, ಸ್ವಚ್ಛತೆ, ಸಂಸ್ಕಾರ ಕುರಿತು ಘನವಾದ ಮಾತುಗಳು. ತನ್ನ ಬಾಡಿಗೆದಾರರ ಮನೆಯಿಂದ ಟಿವಿ, ಫ್ರಿಜ್ಜು ಜಪ್ತಿಯಾಗಿ ಹೋದದ್ದು ಮಾತ್ರ ತನಗೆ ಸಂಬಂಧಿಸಿದ್ದಲ್ಲ, ವಕೀಲರು ನೋಡಿಕೊಳ್ಳುತ್ತಾರೆ. ಸೋಫಾದ ಮೇಲೆ ಒರಗಿದ ತಂಗಿ ಅವನ ಅಂಕಣವನ್ನು ಬಿಡಿಬಿಡಿಯಾಗಿ ಬಿಚ್ಚಿ ಹಾಕುತ್ತಾಳೆ. ಪತ್ರಿಕೆಗೆ ಬರೆಯುವವರು ಆ ದೃಶ್ಯವನ್ನು ಮನೆಯವರೊಂದಿಗೆ ಕೂತು ನೋಡಬಾರದು ಎಂಬುದು ನನ್ನ ಸಲಹೆ. ಕೊನೆಯಲ್ಲಿ ಆಯ್ದಿನ್ ಹೆಂಡತಿಯ ಕ್ಷಮೆ ಕೇಳುತ್ತಾನೆ, ಸೊಗಸಾದ ಮಾತುಗಳಲ್ಲಿ. ನಮಗೆ ಕೇಳಿಸುತ್ತದೆ, ಅವಳಿಗೆ ಕೇಳಿಸುವುದಿಲ್ಲ, ಏಕೆಂದರೆ ಅವನು ಅದನ್ನು ಆಡುವುದು ಮನಸ್ಸಿನಲ್ಲಿ. 196 ನಿಮಿಷ ಕಳೆದರೂ ಗಡಿಯಾರ ಇನ್ನೂ ಜೇಬಿನಲ್ಲೇ ಇದೆ.

‘ದ ವೈಲ್ಡ್ ಪೇರ್ ಟ್ರೀ’ಯ ಸಿನಾನ್ ಓದು ಮುಗಿಸಿ ಚನಕ್ಕಲೆಯ ಸೀಮೆಗೆ ಮರಳಿದ ಯುವ ಲೇಖಕ. ಪುಸ್ತಕ ಅಚ್ಚುಹಾಕಿಸಲು ಹಣ ಕೇಳಿ ಮೇಯರ್ ಬಳಿ ಹೋಗುತ್ತಾನೆ, ಮರಳಿನ ವ್ಯಾಪಾರಿಯ ಬಳಿ ಹೋಗುತ್ತಾನೆ. ಊರಿನ ಪ್ರಸಿದ್ಧ ಸಾಹಿತಿಯನ್ನು ಹಿಡಿದು, ಆತ ತಪ್ಪಿಸಿಕೊಂಡು ನಡೆದರೂ ಬಿಡದೆ, ರಸ್ತೆಯುದ್ದಕ್ಕೂ ಸಾಹಿತ್ಯ ಚರ್ಚಿಸುತ್ತಾನೆ. (ಬೆನ್ನಟ್ಟುವ ಸಿನಾನ್‌ಗಳೂ ಓಡುವ ಸಾಹಿತಿಗಳೂ ನಮ್ಮ ಸಮ್ಮೇಳನಗಳಲ್ಲಿ ಧಾರಾಳವಾಗಿದ್ದಾರೆ.) ಅಪ್ಪ ಜೂಜಿನ ಚಟದ ಮೇಷ್ಟ್ರು, ಊರವರಿಗೆಲ್ಲ ಸಾಲಗಾರ, ನೀರು ಬಾರದ ಬಾವಿ ತೋಡುತ್ತಿರುವವನು. ಸಿನಾನ್ ಕೊನೆಗೆ ಅಪ್ಪನ ಪ್ರೀತಿಯ ನಾಯಿಯನ್ನು ಗುಟ್ಟಾಗಿ ಮಾರಿ ಪುಸ್ತಕ ಮಾಡಿಸುತ್ತಾನೆ. ಸೈನ್ಯಸೇವೆ ಮುಗಿಸಿ ಬಂದರೆ ಪ್ರತಿಗಳು ಕಟ್ಟುಕಟ್ಟಾಗಿ ಮನೆಯಲ್ಲೇ ಕೊಳೆಯುತ್ತಿವೆ. ಸ್ವಂತ ಖರ್ಚಿನಲ್ಲಿ ಕವನಸಂಕಲನ ತಂದ ಕನ್ನಡಿಗರಿಗೆ ಮಂಚದ ಕೆಳಗಿನ ಆ ಕಟ್ಟುಗಳ ವಾಸನೆ ಗೊತ್ತು. ಪುಸ್ತಕವನ್ನು ನಿಜವಾಗಿ ಓದಿದವನು ಒಬ್ಬನೇ, ಯಾರನ್ನು ಸಿನಾನ್ ಕೈಲಾಗದವನೆಂದು ತಿಳಿದಿದ್ದನೋ ಆ ಅಪ್ಪ. ಮಗನ ಮೌನಗಳನ್ನು ಅಪ್ಪ ಯಾವಾಗಲೋ ಓದಿ ಮುಗಿಸಿರುತ್ತಾನೆ ಎಂಬ ಮಾತನ್ನು, ತನ್ನ ಅಪ್ಪನನ್ನು ಮತ್ತೆ ಮತ್ತೆ ಕ್ಯಾಮೆರಾದ ಮುಂದೆ ನಿಲ್ಲಿಸಿದ ಮಗನಲ್ಲದೆ ಬೇರೆ ಯಾರು ಹೇಳಿಯಾರು?

‘ಅಬೌಟ್ ಡ್ರೈ ಗ್ರಾಸಸ್’ನ ಸಮೆತ್ ಹಿಮದ ಹಳ್ಳಿಯಲ್ಲಿ ಇಸ್ತಾಂಬುಲ್ ವರ್ಗಾವಣೆಗೆ ಕಾದು ಕೂತ ಡ್ರಾಯಿಂಗ್ ಮೇಷ್ಟ್ರು. ಹುಡುಗಿಯೊಬ್ಬಳ ಪ್ರೇಮಪತ್ರ ಅವನ ಕೈಗೆ ಬರುತ್ತದೆ. ಹರಿದುಹಾಕಿದೆ ಎನ್ನುತ್ತಾನೆ, ಹಾಕಿರುವುದಿಲ್ಲ. ಅವಳಿಗೆ ಅದು ತಿಳಿಯುತ್ತದೆ. ಮುಂದಿನ ಎಲ್ಲ ಅನಾಹುತಕ್ಕೂ ಅಷ್ಟೇ ಬೀಜ. ಅವನ ಎದುರಿಗೆ ನಿಂತು ನೇರವಾಗಿ ಪ್ರಶ್ನೆ ಕೇಳುವ ನುರಾಯ್ ಎಂಬ ಶಿಕ್ಷಕಿಯ ಪಾತ್ರಕ್ಕೆ ಮೆರ್ವೆ ದಿಝ್ದಾರ್ ಕಾನ್‌ನ ಶ್ರೇಷ್ಠ ನಟಿಯಾದಳು. ಜೆಯ್ಲಾನ್‌ನ ಲೋಕದಲ್ಲಿ ಮಾತು ನುಂಗುವವರು ಸಾಮಾನ್ಯವಾಗಿ ಗಂಡಸರು, ಗಂಟಲಿಗೆ ಕೈಹಾಕಿ ಅದನ್ನು ಹೊರಗೆಳೆಯುವವರು ಹೆಂಗಸರು. ಪ್ರಶಸ್ತಿ ಸರಿಯಾದವರಿಗೇ ಸೇರಿದೆ.

ಈ ಚಿತ್ರಗಳನ್ನು ನೋಡಿದ ಮೇಲೆ ನನಗೊಂದು ಚಟ ಹತ್ತಿದೆ. ಪರಿಚಯದವರ ಜೊತೆ ಕಾಫಿಗೆ ಕೂತಾಗ ಮಹ್ಮೂತ್‌ನ ಕಥೆ ಹೇಳಿ, ‘ಗಡಿಯಾರ ಸಿಕ್ಕಿದ್ದರೆ ನೀವು ಹೇಳುತ್ತಿದ್ದಿರಾ?’ ಎಂದು ಕೇಳುತ್ತೇನೆ. ‘ಅಯ್ಯೋ, ಖಂಡಿತ ಹೇಳ್ತಿದ್ದೆ’ ಎಂದು ತಟ್ಟನೆ ಉತ್ತರಿಸುವವರಿಗೆ ಒಳ್ಳೆಯ ಹಾಡುಗಳಿರುವ ಬೇರೆ ಸಿನಿಮಾ ಸೂಚಿಸುತ್ತೇನೆ. ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ಆಚೆ ಈಚೆ ನೋಡಿ, ‘ಏನೋಪ್ಪ, ಗೊತ್ತಿಲ್ಲ’ ಎನ್ನುವವರು ಸಿಕ್ಕರೆ ಜೆಯ್ಲಾನ್‌ನ ಹೆಸರು ಬರೆದುಕೊಡುತ್ತೇನೆ. ಎಷ್ಟು ಹೊತ್ತಿನ ಚಿತ್ರವೆಂದು ಅವರು ಕೇಳುತ್ತಾರೆ. ಅದನ್ನು ಮಾತ್ರ ನಾನು ಹೇಳುವುದಿಲ್ಲ.